ಬಾಯಿ ಸಿಹಿ

ಬಲೂನು ಊದಿದವರ ಎಂಜಲು ಒಳಗೇ ಉಳಿದಿರುತ್ತದೆ ಎಂಬ ಯೋಚನೆ ಸುಬ್ಬಲಕ್ಷ್ಮಿಗೆ ಬಂದದ್ದು ವಿಶೇಷ ಮಕ್ಕಳ ವಸತಿ ಶಾಲೆಯ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ. ಬಂದದ್ದು ಹೋಗಲಿಲ್ಲ. ಎದುರಿಗೆ ಜಗಲಿಯ ಕಂಬಕ್ಕೆ ಒರಗಿ ಯಾರದೋ ಕಾರಿನ ಡ್ರೈವರು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಪ್ರತಿ ಸಲ ಬಾಯಿಂದ ತೆಗೆದು ಗಂಟು ಹಾಕುವಾಗ ತುಟಿಯಿಂದ ಒಂದು ಎಳೆ ಜೋತು ಬಿದ್ದು, ಬಿಸಿಲಿಗೆ ಮಿಂಚಿ, ಕಡಿಯುತ್ತಿತ್ತು. ಗುಲಾಬಿ, ನೀಲಿ, ಹಳದಿ. ಒಳಗೆ ಊಟದ ಹಾಲಿನಲ್ಲಿ ಅವನ್ನು ಗೋಡೆಗೆ ಅಂಟಿಸುತ್ತಿದ್ದರು. ನೋಡಬಾರದು ಎಂದು ತಲೆ ತಿರುಗಿಸಿದರೆ ಅತ್ತ ಬೇಲಿಯ ಮೇಲೆ ಹಾಸಿಗೆಗಳು ಒಣಗುತ್ತಿದ್ದವು, ನಡುವಿನಲ್ಲಿ ಹಳದಿ ಕಲೆಗಳನ್ನು ಹೊತ್ತುಕೊಂಡು. ಫಿನೈಲು, ಅದರ ಕೆಳಗೆ ಮೂತ್ರ, ಅದರ ಕೆಳಗೆ ಬೇಯುತ್ತಿರುವ ಬೇಳೆ. ತಣ್ಣೀರಿಗೆ ಇಳಿಯಲು ಮನಸ್ಸಿಲ್ಲದವರು ಬೆರಳ ತುದಿ ಅದ್ದಿ ತೆಗೆಯುವ ಹಾಗೆ ಉಸಿರನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡಳು. ಮಗ ಇಲ್ಲಿ ಸೇರಿ ಮೂರು ವರ್ಷವಾದರೂ ಈ ವಾಸನೆ ಅವಳಿಗೆ ರೂಢಿಯಾಗಿರಲಿಲ್ಲ. ಯಲ್ಲಾಪುರಕ್ಕೆ ಬಂದುಹೋದ ದಿನ ಶಿರಸಿಯ ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಿಲಿನಿಂದ ಬಚ್ಚಲಿಗೆ ಹೋಗಿ ತಲೆಗೆ ಎರೆದುಕೊಳ್ಳುತ್ತಿದ್ದಳು. ಸತ್ತವರ ಮನೆಗೆ ಹೋಗಿಬಂದವರ ಹಾಗೆ ಮಾಡ್ತೆ ನೀನು, ಎಂದು ಮಗಳು ಅಭಿಜ್ಞಾ ಒಮ್ಮೆ ಹೇಳಿ ಏಟು ತಿಂದಿದ್ದಳು.

ಮೊನ್ನೆ ಫೋನು ಮಾಡಿದ್ದು ಚೇತನಾ, ಇಲ್ಲಿನ ಟೀಚರು. ಒಂದು ಸಲ ಬಂದು ಹೋಗಿ ಅಕ್ಕಾ, ಫೋನಲ್ಲಿ ಹೇಳುವಂಥದ್ದಲ್ಲ, ಎಂದಿದ್ದಳು. ಸುಬ್ಬಲಕ್ಷ್ಮಿ ಆಗ ಸಹಕಾರಿ ಸಂಘದ ಕೌಂಟರಿನಲ್ಲಿದ್ದಳು. ಪಕ್ಕದ ಕುರ್ಚಿಯ ದೀಕ್ಷಿತಾ ಕಂಪ್ಯೂಟರಿನ ಮೇಲಿಂದ ಕಣ್ಣು ತೆಗೆಯದೆ, 'ಎಂತ ಆತಡ ಮಾಣಿಗೆ?' ಎಂದು ಕೇಳಿದಳು, ದನಿಯಲ್ಲಿ ಮರುಕವನ್ನು ಮೊದಲೇ ತುಂಬಿಟ್ಟುಕೊಂಡು. ಜ್ವರ, ಎಂದು ಸುಬ್ಬಲಕ್ಷ್ಮಿ ಹೇಳಿದಳು. ಜ್ವರ ಮರ್ಯಾದೆಯ ಕಾಯಿಲೆ. ರಾತ್ರಿ ಊಟಕ್ಕೆ ಕೂತಾಗ ಗಂಡ ಮನೋಹರ ತಟ್ಟೆಯಿಂದ ಮುಖ ಎತ್ತದೆ, 'ಯಂಗೆ ಬಪ್ಪಲೆ ಆಗ್ತಿಲ್ಲೆ. ನೀನೇ ಹೋಗಿ ಕೇಳ್ಕಂಡು ಬಾ' ಎಂದ. ಮಗನ ಚಿಕ್ಕಂದಿನ ಫೋಟೋ ನೋಡಿದರೆ ಕಣ್ಣೊರೆಸಿಕೊಳ್ಳುವ ಮನುಷ್ಯ. ಮಗನನ್ನು ನೋಡಲಾರ. ಫೋನಿನಲ್ಲಿ ಹೇಳಲು ಬಾರದ್ದು ಏನು ಎಂದು ಇಬ್ಬರಿಗೂ ಗೊತ್ತಿತ್ತು. ಚಿರಂತನನಿಗೆ ಹದಿನಾರು ತುಂಬಿತ್ತು. ಮಾತು ಬರಲಿಲ್ಲ, ಅಕ್ಷರ ಬರಲಿಲ್ಲ, ಗುಂಡಿ ಹಾಕಿಕೊಳ್ಳಲು ಹತ್ತು ವರ್ಷ ಬೇಕಾಯಿತು. ಆದರೆ ಮೈ ಮಾತ್ರ ಯಾರನ್ನೂ ಕೇಳದೆ, ಯಾವುದಕ್ಕೂ ಕಾಯದೆ, ತಕ್ಕ ವಯಸ್ಸಿಗೆ ತಾನೇ ಬಂದುಬಿಟ್ಟಿತ್ತು. ಅವನನ್ನು ಇಲ್ಲಿ ಸೇರಿಸುವ ಮೊದಲೊಮ್ಮೆ, ಮತ್ತಿಘಟ್ಟದಲ್ಲಿ ನಾದಿನಿಯ ಮನೆಯ ಉಪನಯನದ ಪಂಕ್ತಿ. ಎಡಗೈ ಚಡ್ಡಿಯೊಳಗೆ, ಬಲಗೈ ಹೋಳಿಗೆಯ ಮೇಲೆ, ಮುಖದಲ್ಲಿ ಯಾವ ಕಳ್ಳತನವೂ ಇಲ್ಲದ ನೆಮ್ಮದಿ. ಇಡೀ ಸಾಲು ತಂತಮ್ಮ ಎಲೆಯನ್ನೇ ಮೊದಲ ಸಲ ಕಂಡವರಂತೆ ನೋಡತೊಡಗಿತ್ತು. ನಾದಿನಿ ಏನೂ ಹೇಳಲಿಲ್ಲ, ತನ್ನ ಮಗಳನ್ನು ಎಬ್ಬಿಸಿ ಆಚೆ ಸಾಲಿಗೆ ಕೂರಿಸಿದಳು, ಅಷ್ಟೇ. ಹೀಗೆ ಹೇಳದೆ ಮಾಡಿದ್ದೇ ಸುಬ್ಬಲಕ್ಷ್ಮಿಯ ಹೊಟ್ಟೆಯಲ್ಲಿ ಇವತ್ತಿಗೂ ಕೂತಿದೆ. ಅವಳು ಮಗನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹೇಳಿದ ಮಾತು ಆ ಒಂದು ದಿನದ್ದಲ್ಲ. ಎಂಜಲು ಸುರಿದರೆ, ಮೂಗು ಒರೆಸಿದ ಕೈಯಲ್ಲಿ ಸೆರಗು ಹಿಡಿದರೆ, ಹಾಸಿಗೆ ಒದ್ದೆಯಾದರೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ಉಸಿರು ಬಿಟ್ಟಷ್ಟು ಸಲೀಸಾಗಿ ಅವಳ ಬಾಯಿಂದ ಬರುತ್ತಿದ್ದ ಮಾತು ಅದು. ಥೂ. ಹೊಲಸು. ಮುಟ್ಟಡ.

ಆಫೀಸಿನ ಬಾಗಿಲು ತೆರೆದು ಕಾರ್ಯದರ್ಶಿ ಉಲ್ಲಾಸ ಹೊರಬಂದ. ಇಸ್ತ್ರಿ ಮಾಡಿದ ಶರ್ಟು, ಬೆರಳಿಗೆ ಹವಳದ ಉಂಗುರ. ಅವಳನ್ನು ಕಂಡು ಕೈ ಮುಗಿದ, ಆದರೆ ಕಣ್ಣು ಗೇಟಿನ ಕಡೆಯೇ ಇತ್ತು.

'ಬಂದ್ರಾ ಮೇಡಂ. ಸ್ವಲ್ಪ ಕೂತ್ಕೊಳ್ಳಿ. ಇವತ್ತು ದಾನಿಗಳು ಬಂದಿದ್ದಾರೆ, ಹುಬ್ಬಳ್ಳಿಯವರು, ಬಟ್ಟೆ ಅಂಗಡಿ. ಮೊಮ್ಮಗನ ಹುಟ್ಟುಹಬ್ಬ ನಮ್ಮ ಮಕ್ಕಳ ಜೊತೆ ಮಾಡ್ತಾರಂತೆ. ಊಟ ಆಗ್ಲಿ, ಆಮೇಲೆ ಮಾತಾಡುವ.'

'ಎಂತ ಮಾಡಿದ ಅವ?'

ಉಲ್ಲಾಸ ದನಿ ತಗ್ಗಿಸಿದ. 'ಅಂಗಳದಲ್ಲಿ ಬಟ್ಟೆ ಬಿಚ್ಚಿ ನಿಂತಿದ್ದ. ಹೋದ ವಾರ ಬಂದ ಮಹಿಳಾ ಮಂಡಲದವರ ಎದುರಿಗೆ. ನೀವೇ ಹೇಳಿ, ಅವರು ಇನ್ನೊಂದು ಸಲ ಬರ್ತಾರಾ? ನಿಮ್ಮ ಒಪ್ಪಿಗೆ ಒಂದು ಬೇಕು, ಅಷ್ಟೇ. ಮೊದಲು ಕೊಡ್ತಾ ಇದ್ದೆವಲ್ಲ ಮಾತ್ರೆ, ಅಷ್ಟೇ ಡೋಸಿಗೆ ಮತ್ತೆ ಏರಿಸುವ. ಡಾಕ್ಟರು ಆಗ್ತದೆ ಅಂದಿದ್ದಾರೆ.'

ಅವನು ಹೋದ ಮೇಲೆ ಅವಳು ಬೆಂಚಿನ ಅಂಚನ್ನು ಹಿಡಿದು ಕೂತಳು. ಒಪ್ಪಿಗೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೈಯೊಳಗೆ ಏನೋ ಹಗುರಾದದ್ದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಇನ್ನಷ್ಟು ಹೊತ್ತು ಕೂತೇ ಇರಬೇಕಾಯಿತು. ಆ ಮಾತ್ರೆಗಳ ದಿನದಲ್ಲಿ ಒಂದು ದೀಪಾವಳಿಗೆ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದರು. ಕೂರಿಸಿದಲ್ಲಿ ಕೂರುತ್ತಿದ್ದ, ಮಲಗಿಸಿದರೆ ಮಲಗುತ್ತಿದ್ದ. ಕಣ್ಣು ತೆರೆದಿದ್ದರೂ ಒಳಗೆ ಯಾರೋ ದೀಪ ಆರಿಸಿ ಹೋದಂತೆ. ಕೆಳದುಟಿ ಜೋತು, ಅದರಿಂದ ಸಣ್ಣಗೆ ಜೊಲ್ಲು. ಮಾಣಿ ಎಷ್ಟು ಶಾಂತ ಆಗೋಯ್ದ ನೋಡು, ಎಂದು ಬಂದವರೆಲ್ಲ ಹೇಳಿದರು. ಅತ್ತೆ ದೇವರಿಗೆ ತುಪ್ಪದ ದೀಪ ಇಟ್ಟರು. ಸುಬ್ಬಲಕ್ಷ್ಮಿ ಮಡಚಿದ ಬಟ್ಟೆಯನ್ನು ಅವನ ಗಲ್ಲದ ಕೆಳಗೆ ಸಿಕ್ಕಿಸಿ, ಎಷ್ಟೋ ವರ್ಷಗಳ ನಂತರ ಅವನ ಹಣೆಗೆ ಮುತ್ತಿಟ್ಟಳು. ಅವನು ತಳ್ಳಲಿಲ್ಲ, ಕಿರುಚಲಿಲ್ಲ. ಎಷ್ಟು ಸುಖವಾಗಿತ್ತು ಅದು. ಮಗ ಎದ್ದು ಹೋದ ಮೈಗೆ ಕೊಟ್ಟ ಮುತ್ತು. ಅದನ್ನು ನೆನೆದು ಈಗ, ಈ ಬೆಂಚಿನ ಮೇಲೆ, ಅವಳಿಗೆ ತನ್ನ ತುಟಿಯನ್ನೇ ಒರೆಸಿಕೊಳ್ಳಬೇಕೆನ್ನಿಸಿತು. ಆದರೂ ಆ ದಿನಗಳು ಬೇಡವೆಂದು ಅನ್ನಿಸಲಿಲ್ಲ. ಆ ಮಾತ್ರೆಯನ್ನು ಇಳಿಸಬೇಕು ಎಂದು ಹಟ ಹಿಡಿದವಳು ಚೇತನಾ. ಹುಡುಗ ಎಂತದೂ ಕಲೀತಾ ಇಲ್ಲ ಸರ್, ನಿದ್ದೆ ಮಾಡ್ತಾ ಇದ್ದಾನೆ, ಎಂದು. ಆಗ ಸುಬ್ಬಲಕ್ಷ್ಮಿ ಹೌದು ಹೌದು ಎಂದು ತಲೆಯಾಡಿಸಿ, ಮನಸ್ಸಿನಲ್ಲಿ ಆ ಹುಡುಗಿಯನ್ನು ಶಪಿಸಿದ್ದಳು.

'ಅಕ್ಕಾರ, ಇಲ್ಲೇ ಕೆಲಸಾ ಮಾಡ್ತೀರಿ ಏನ್ರಿ?'

ಎದುರಿಗೆ ರೇಷ್ಮೆ ಸೀರೆಯ ಹೆಂಗಸು ನಿಂತಿದ್ದಳು. ತುಂಬು ಮುಖ, ಮೂಗಿನ ಮೇಲೆ ಬೆವರು, ಕಂಕುಳಲ್ಲಿ ಹೊಸ ಬಟ್ಟೆಯ ಕೂಸು. ಹುಬ್ಬಳ್ಳಿಯ ದಾನಿ ಇವಳೇ ಇರಬೇಕು. ಸುಬ್ಬಲಕ್ಷ್ಮಿ ಎದ್ದು ನಿಂತಳು. ಇಲ್ಲ, ಎನ್ನಲು ಬಾಯಿ ತೆರೆದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಯಾರು ನೀವು ಎಂಬುದು.

'ಹೌದು' ಎಂದಳು.

'ಬರ್ರಿ ಹಂಗಾರ, ಒಂಚೂರು ಕೈ ಹಚ್ಚರಿ. ಬಡಸೂ ಮಂದಿ ಕಡಿಮಿ ಬಿದ್ದಾರ.' ದಾರಿಯುದ್ದಕ್ಕೂ ಆ ಹೆಂಗಸು ಮಾತಾಡುತ್ತಲೇ ನಡೆದಳು. 'ಏನ್ ಪುಣ್ಯಾ ಮಾಡೀರಿ ಅಕ್ಕಾರ ನೀವು. ಹೇಲು ಉಚ್ಚಿ ಎಲ್ಲಾ ಬಳೀತೀರಿ ಅಂತಲ್ಲ. ನಮಗ ಇಲ್ಲಿ ಒಂದ್ ತಾಸು ನಿಲ್ಲೂದ ಆಗವಲ್ದು, ಹೊಟ್ಟ್ಯಾಗ ಏನೋ ಆಗ್ತದ. ಇವರ ಅವ್ವ ಅಪ್ಪ ನೋಡಾಕರೆ ಬರ್ತಾರೇನ್ರಿ?'

'ಕೆಲವರು ಬರ್ತಾರೆ.'

'ಹಡದು ತಂದಿಲ್ಲಿ ಒಗದು ಹೋಗ್ತಾರ ನೋಡ್ರಿ. ಎಂಥಾ ಕಲ್ಲ ಮನಸ ಇರಬೇಕು.'

ಸುಬ್ಬಲಕ್ಷ್ಮಿ ಹೂಂ ಎಂದಳು. ಆ ಹೂಂ ತನ್ನ ಬಾಯಿಂದ ಬಂದಿತಲ್ಲ ಎಂದು ಬೆರಗಾಗುವಷ್ಟರಲ್ಲಿ ಹೆಂಗಸು ತಟ್ಟೆಯಿಂದ ಜಿಲೇಬಿಯ ತುಂಡು ಮುರಿದು, 'ಮೊದಲ ನೀವು ಬಾಯಿ ಸಿಹಿ ಮಾಡ್ಕೋರಿ, ಪುಣ್ಯವಂತರು' ಎಂದು ನೇರ ಅವಳ ತುಟಿಗೆ ಹಿಡಿದಳು. ಬೆರಳಿಗೆ ಕೂಸಿನ ಪೌಡರಿನ ವಾಸನೆ, ಅದರ ಜೊತೆ ಇನ್ನೇನೋ ಹುಳಿ ಹುಳಿ. ಸುಬ್ಬಲಕ್ಷ್ಮಿ ಬಾಯಿ ತೆರೆದಳು. ಯಾಕೆ ತೆರೆದಳು? ಕೈಯಲ್ಲಿ ಕೊಡಿ ಎನ್ನಬಹುದಿತ್ತು, ಸಕ್ಕರೆ ಕಾಯಿಲೆ ಎನ್ನಬಹುದಿತ್ತು. ಆ ಬೆರಳು ಅವಳ ಹಲ್ಲಿಗೆ ತಾಗಿತು. ಪಾಕ ನಾಲಿಗೆಯ ಮೇಲೆ ಬೆಚ್ಚಗೆ ಹರಡಿತು. ಅವಳು ನಗುತ್ತಾ ನುಂಗಿದಳು. ಹುಟ್ಟಿದಂದಿನಿಂದ ಹೀಗೆಯೇ, ಯಾರು ಏನು ಹಿಡಿದರೂ ಬಾಯಿ ತೆರೆಯುತ್ತ ಬಂದಿದ್ದೇನೆ ಎನ್ನಿಸಿತು.

ಹಾಲಿನಲ್ಲಿ ಮಕ್ಕಳು ಗೋಡೆಗುಂಟ ಕೂತಿದ್ದರು. ಮಕ್ಕಳು ಎಂದು ಕರೆಯುವುದಷ್ಟೇ. ಕೆಲವರಿಗೆ ಗಡ್ಡ ಬಂದಿತ್ತು, ಕೆಲವು ಹುಡುಗಿಯರಿಗೆ ತಲೆಗೂದಲಿನಲ್ಲಿ ಒಂದೆರಡು ಬಿಳಿ ಎಳೆ. ಎಲ್ಲರ ತಲೆಗೂ ಕಿರೀಟದ ಚಿತ್ರದ ಕಾಗದದ ಟೋಪಿ ಹಾಕಿದ್ದರು. ರಬ್ಬರಿನ ದಾರ ಗಲ್ಲಕ್ಕೆ ಒತ್ತಿ ಗೆರೆ ಬಿದ್ದಿತ್ತು. ರಕ್ಷಿತಾ ಎಂಬ ಹುಡುಗಿ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು, ತೂಗಿದಾಗಲೆಲ್ಲ ಟೋಪಿ ಕಣ್ಣಿನ ಮೇಲೆ ಬೀಳುತ್ತಿತ್ತು; ಚೇತನಾ ಬಗ್ಗಿ ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಉಲ್ಲಾಸ ಬಂದು ಮತ್ತೆ ಹಾಕಿದ. ದಾನಿಯ ಗಂಡ ಫೋನು ಹಿಡಿದುಕೊಂಡು ಸಾಲಿನುದ್ದಕ್ಕೂ ಹಿಮ್ಮುಖವಾಗಿ ನಡೆಯುತ್ತಿದ್ದ. ಸುಬ್ಬಲಕ್ಷ್ಮಿಯನ್ನು ಪಾಯಸದ ಬಕೆಟ್ಟಿನ ಜೊತೆ ಕಂಡ ಚೇತನಾಳ ಕಣ್ಣು ಒಂದು ಗಳಿಗೆ ನಿಂತಿತು. ಚೇತನಾಳ ಮುಂಗೈಯಲ್ಲಿ ಹಳೆಯ ಕಚ್ಚಿದ ಗುರುತು, ಅದರ ಮೇಲೆ ಹೊಸದು.

ಸಾಲಿನ ಕೊನೆಯಲ್ಲಿ ಚಿರಂತನ. ಕಳೆದ ಸಲಕ್ಕಿಂತ ಅಗಲವಾಗಿದ್ದ. ಮೇಲ್ದುಟಿಯ ಮೀಸೆ ಬೋಳಿಸಿದ್ದರು, ಒಂದು ಕಡೆ ಸಣ್ಣ ಗಾಯ, ಅದರ ಮೇಲೆ ಒಣಗಿದ ನೆತ್ತರು. ಗಂಡನದೇ ಮುಖ, ಮದುವೆಯ ಫೋಟೋದಲ್ಲಿದ್ದ ಮನೋಹರನ ಮುಖ. ಅದನ್ನು ಕಂಡು ಅವಳಿಗೆ ನಾಚಿಕೆಯಾಗಿ ಪಾಯಸದ ಕಡೆ ನೋಡಿದಳು. ಅವನ ಕಣ್ಣು ಬಕೆಟ್ಟಿನ ಹಿಡಿಕೆಯ ಮೇಲಿತ್ತು, ಅಲ್ಲಿಂದ ಅವಳ ಕೈಗೆ, ಕೈಯ ಬಳೆಗೆ ಬಂದು ನಿಂತಿತು. ಗುರುತು ಹಿಡಿದನೋ ಇಲ್ಲವೋ. ಅವಳು ಸೌಟು ಬಗ್ಗಿಸಿದಳು, ಬೇರೆಯವರ ಮಕ್ಕಳಿಗೆ ಬಡಿಸಿದಷ್ಟೇ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಚ್ಚು ಬಿದ್ದರೆ ಯಾರಿಗಾದರೂ ತಿಳಿದುಹೋದೀತು ಎಂಬ ಹಾಗೆ.

'ಇವಗ ನಾನ ತಿನಸ್ತೇನಿ. ಎಷ್ಟ್ ಚೆಂದ ಅದಾನ ನೋಡ್ರಿ, ನೋಡಿದ್ರ ಗೊತ್ತಾಗೂದಿಲ್ಲ ಅಲ್ರಿ ಹಿಂಗ ಅದಾನಂತ.' ದಾನಿ ಹೆಂಗಸು ಕೂಸನ್ನು ಪಕ್ಕಕ್ಕೆ ಕೂರಿಸಿ ಮಂಡಿಯೂರಿದಳು. ಗಂಡ ಫೋನು ಹತ್ತಿರ ತಂದ. ಹೆಂಗಸು ಎಡಗೈಯಲ್ಲಿ ಚಿರಂತನನ ಕೆನ್ನೆ ಸವರಿ, ಬಲಗೈಯಲ್ಲಿ ಜಿಲೇಬಿ ಹಿಡಿದಳು.

'ಥೂ' ಎಂದ ಚಿರಂತನ. 'ಹೊಲಸು. ಮುಟ್ಟಡ.'

ಅದು ಅವನ ದನಿಯಲ್ಲ. ಹದಿನಾರು ವರ್ಷದ ಗಂಡಿನ ಗಂಟಲಿನಿಂದ ಒಬ್ಬ ಹೆಂಗಸಿನ ದನಿ ಬಂದಿತ್ತು. ಥೂ ಎನ್ನುವ ಮೊದಲು ಮೂಗಿನಿಂದ ಗಾಳಿ ಬಿಡುವ ಸಣ್ಣ ಸದ್ದು, ಹೊಲಸು ಎನ್ನುವಾಗ ಹೊ ಮೇಲೆ ಬೀಳುವ ಒತ್ತು, ಕೊನೆಯಲ್ಲಿ ಬಾಗಿಲು ಹಾಕಿಕೊಂಡಂತೆ ಮುಗಿಯುವ ಮುಟ್ಟಡ. ಸುಬ್ಬಲಕ್ಷ್ಮಿಗೆ ತಾನೇ ಮಾತಾಡಿದೆ ಎನ್ನಿಸಿ ಕೈ ಬಾಯಿಗೆ ಹೋಯಿತು. ಹಾಲಿನಲ್ಲಿದ್ದ ಎಲ್ಲರೂ ತನ್ನತ್ತ ತಿರುಗುತ್ತಾರೆ ಎಂದುಕೊಂಡಳು. ಯಾರೂ ತಿರುಗಲಿಲ್ಲ. ಅವರಿಗೆ ಅದು ಯಾರ ದನಿ ಎಂದು ತಿಳಿಯಲು ದಾರಿಯಿರಲಿಲ್ಲ. ಮೂರು ವರ್ಷ ಈ ಗೋಡೆಗಳೊಳಗೆ ಅವನು ಅವಳನ್ನು ಹೀಗೆ, ಈ ರೂಪದಲ್ಲಿ, ಹೊತ್ತುಕೊಂಡು ತಿರುಗಿದ್ದಾನೆ. ತಾಯಿ ಎಂದು ಅವನ ಹತ್ತಿರ ಉಳಿದದ್ದು ಇದು.

'ಏನಂತಾನ್ರೀ?' ಹೆಂಗಸು ನಗುತ್ತ ಉಲ್ಲಾಸನತ್ತ ನೋಡಿದಳು.

'ಎಂತ ಇಲ್ಲ ಮೇಡಂ. ಅವರ ಮಾತಿಗೆ ಅರ್ಥ ಇರುದಿಲ್ಲ. ನೀವು ತಿನ್ನಿಸಿ.'

'ಬೇಡ ಅಂತಿದ್ದಾನೆ ಸರ್' ಎಂದಳು ಚೇತನಾ ಆಚೆಯಿಂದ. ಅಷ್ಟರಲ್ಲಿ ಹೆಂಗಸು ಜಿಲೇಬಿಯನ್ನು ಅವನ ತುಟಿಗೆ ಒತ್ತಿದ್ದಳು. ಚಿರಂತನ ಕೈ ಬೀಸಿದ. ಜಿಲೇಬಿ ರೇಷ್ಮೆ ಸೀರೆಯ ಮಡಿಲಿಗೆ ಬಿತ್ತು, ಹೆಂಗಸು ಹಿಂದಕ್ಕೆ ಕೂತುಬಿಟ್ಟಳು, ಕೂಸು ಅಳತೊಡಗಿತು. ಚಿರಂತನ ಎದ್ದು ನಿಂತು ಕೆನ್ನೆಯನ್ನು, ಆ ಕೈ ತಾಗಿದ ಜಾಗವನ್ನು, ಅಂಗಿಯ ತೋಳಿನಿಂದ ಉಜ್ಜಿದ, ಉಜ್ಜುತ್ತಲೇ ಹೋದ. ಗಾಯದಿಂದ ಮತ್ತೆ ನೆತ್ತರು ಬಂತು.

ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಉಲ್ಲಾಸ ಮೇಜಿನಾಚೆ ಕೂರದೆ ನಿಂತೇ ಇದ್ದ. ಚಿರಂತನನನ್ನು ಗೋಡೆಯ ಪಕ್ಕ ನಿಲ್ಲಿಸಿದ್ದರು. ಅವನು ಫ್ಯಾನಿನ ನೆರಳು ಗೋಡೆಯ ಮೇಲೆ ಹೋಗಿ ಬರುವುದನ್ನು ನೋಡುತ್ತಿದ್ದ.

'ಇದಕ್ಕೇ ನಾನು ಹೇಳುದು ಮೇಡಂ. ಇವತ್ತಿಂದಲೇ ಶುರು ಮಾಡುವ. ನೀವು ಹೂಂ ಅನ್ನಿ.'

'ಸರ್, ನನ್ನ ಮಾತು ಮುಗಿಸ್ತೇನೆ' ಎಂದಳು ಚೇತನಾ. ಸುಬ್ಬಲಕ್ಷ್ಮಿಯ ಕಡೆ ತಿರುಗಿದಳು. 'ನಾನು ಫೋನ್ ಮಾಡಿದ್ದು ಮಾತ್ರೆಗಲ್ಲ ಅಕ್ಕಾ. ಅವತ್ತು ಅಂಗಳದಲ್ಲಿ ಬಿಚ್ಚಿದ್ದು ನಿಜ. ಚಡ್ಡಿಯೊಳಗೆ ಇರುವೆ ಹೊಕ್ಕಿತ್ತು, ಮೈಯೆಲ್ಲ ದದ್ದು ಎದ್ದಿತ್ತು, ನಾನೇ ನೋಡಿದೆ. ಇನ್ನೊಂದು ವಿಷಯವೂ ಉಂಟು, ನೀವು ನೆನೆಸಿದ್ದೇ. ಅದಕ್ಕೆ ಬಾಗಿಲು ಹಾಕ್ಕೊಳ್ಳಲಿಕ್ಕೆ ಕಲಿಸ್ತಾ ಇದ್ದೇನೆ. ಹೆಚ್ಚಿನ ಸಲ ಹಾಕ್ತಾನೆ. ಮನೆಯಲ್ಲೂ ಹಾಗೇ ನಡೆಸಬೇಕು ಅಂತ ಎದುರಿಗೆ ಕೂತು ಹೇಳುವ ಅಂದ್ಕೊಂಡಿದ್ದೆ.'

'ಈಗ ಹೊಡೆದನಲ್ಲ, ಅದು ಯಾವ ಇರುವೆ?' ಎಂದ ಉಲ್ಲಾಸ.

'ಹೊಡೆಯುವ ಮೊದಲು ಬಾಯಲ್ಲಿ ಹೇಳಿದ ಸರ್. ನೀವು ಕೇಳಲಿಲ್ಲ. ಮೊದಲೆಲ್ಲ ಸೀದಾ ಕಚ್ಚುತ್ತಿದ್ದ.' ಅವಳು ತನ್ನ ಮುಂಗೈಯನ್ನು ಒಮ್ಮೆ ನೋಡಿಕೊಂಡಳು. 'ಬೇಡ ಅನ್ನಲಿಕ್ಕೆ ಅವನ ಹತ್ತಿರ ಇರುವ ಮಾತು ಅದೊಂದೇ. ಎಲ್ಲಿ ಕಲಿತನೋ. ಬೇರೆ ಮಾತು ಕಲಿಸ್ತಾ ಇದ್ದೇನೆ, ಇನ್ನೂ ಬಂದಿಲ್ಲ.'

ಎಲ್ಲಿ ಕಲಿತನೋ. ಸುಬ್ಬಲಕ್ಷ್ಮಿ ಫ್ಯಾನಿನ ನೆರಳನ್ನು ನೋಡಿದಳು. ಹೇಳಬೇಕೇ? ಹೇಳಿದರೆ ಈ ಹುಡುಗಿ ಏನೆಂದುಕೊಂಡಾಳು? ಚೇತನಾ ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾಳೆಯೇ? ಈ ನಡುವೆಯೂ ತನ್ನ ಮರ್ಯಾದೆಯನ್ನೇ ಯೋಚಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಬಗ್ಗೆ ಓಕರಿಕೆ ಬಂತು, ನಿಜವಾದ ಓಕರಿಕೆ, ಗಂಟಲಿನವರೆಗೂ.

ಬಾಗಿಲು ತಳ್ಳಿಕೊಂಡು ದಾನಿಗಳು ಒಳಬಂದರು. ಹೆಂಗಸಿನ ಸೀರೆಯ ಮೇಲೆ ನೀರು ಹಾಕಿ ಉಜ್ಜಿದ ದೊಡ್ಡ ಕಲೆ. 'ಹೋಗ್ಲಿ ಬಿಡ್ರಿ, ತಿಳೀಲಾರದ ಜೀವ' ಎಂದಳು. ಗಂಡ ಇನ್ನೂ ಫೋನು ಹಿಡಿದೇ ಇದ್ದ. ಉಲ್ಲಾಸನ ಮುಖ ಒಮ್ಮೆಲೆ ಸಿಹಿಯಾಯಿತು.

'ಹಾಗಲ್ಲ ಮೇಡಂ, ಅವನಿಗೂ ಸಂಸ್ಕಾರ ಕಲಿಸಿದ್ದೇವೆ. ಕ್ಷಮೆ ಕೇಳ್ತಾನೆ ನೋಡಿ. ಬಾ ಚಿರಂತನ, ಅಜ್ಜಿ ಕಾಲಿಗೆ ಬೀಳು.'

ಚಿರಂತನ ನೆರಳನ್ನು ನೋಡುತ್ತಿದ್ದ. ಉಲ್ಲಾಸ ನಗುತ್ತಲೇ ಅವನ ಕತ್ತಿನ ಹಿಂದೆ ಕೈಯಿಟ್ಟು ಬಗ್ಗಿಸಿದ. ಕತ್ತು ಬಗ್ಗಲಿಲ್ಲ. ಹವಳದ ಉಂಗುರದ ಬೆರಳುಗಳು ಕೂದಲಿನ ಬುಡದ ಬಿಳಿ ಚರ್ಮಕ್ಕೆ ಇಳಿದವು. ಸುಬ್ಬಲಕ್ಷ್ಮಿ ಆ ಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಹಳದಿ, ಅನ್ನಸಾರಿನ ಅರಿಸಿನ. ಅವಳಿಗೆ ಕರುಣೆ ಬರಲಿಲ್ಲ, ಪ್ರೀತಿಯೂ ಉಕ್ಕಲಿಲ್ಲ. ಆ ಬೆರಳುಗಳ ಬಗ್ಗೆ ಹೇಸಿಗೆಯಾಯಿತು, ಅಷ್ಟೇ. ಮಗನ ಜೊಲ್ಲಿನ ಬಗ್ಗೆ, ಒದ್ದೆ ಹಾಸಿಗೆಯ ಬಗ್ಗೆ ಎಂದೂ ಆಗದಷ್ಟು ಹೇಸಿಗೆ.

'ಕೈ ತೆಗೀರಿ' ಎಂದಳು.

ಉಲ್ಲಾಸ ಕೇಳಿಸದವನಂತೆ ನಗುತ್ತಿದ್ದ. ಅವಳು ಹತ್ತಿರ ಹೋಗಿ ಆ ಕೈಯ ಮಣಿಕಟ್ಟು ಹಿಡಿದು ಎತ್ತಿ ಬದಿಗಿಟ್ಟಳು. ಹಲ್ಲಿ ಬಿದ್ದರೆ ಎತ್ತಿ ಒಗೆಯುವ ಹಾಗೆ.

'ಅಯ್ಯ ಅಕ್ಕಾರ, ನೀವ್ ಯಾಕ' ಎಂದಳು ದಾನಿ ಹೆಂಗಸು.

'ನನ್ನ ಮಗ.'

ಗಂಡ ಫೋನು ಕೆಳಗಿಳಿಸಿದ. ಹೆಂಗಸಿನ ಮುಖದಲ್ಲಿ ಮೊದಲು ಬಂದದ್ದು ನಾಚಿಕೆ. ತಾನು ದಾರಿಯಲ್ಲಿ ಆಡಿದ ಮಾತನ್ನು ಹುಡುಕುತ್ತಿದ್ದಳು. ಆಮೇಲೆ ಅದು ಇಳಿದು, ಅದರ ಜಾಗಕ್ಕೆ ಸಾಲಿನಲ್ಲಿ ಕೂತವರ ಕೆನ್ನೆ ಸವರುವಾಗ ಇದ್ದ ಮುಖ ಬಂತು. ಅವಳು ಕೈಚಾಚಿ ಸುಬ್ಬಲಕ್ಷ್ಮಿಯ ಗಲ್ಲ ಹಿಡಿದಳು. 'ಗಂಡ ಅದಾರೇನ್ರೀ ನಿಮಗ?' ಆ ಕರುಣೆಯ ಎದುರು ಮೊದಲಿನ ಮಾತೇ ಎಷ್ಟೋ ವಾಸಿಯಿತ್ತು. ಸುಬ್ಬಲಕ್ಷ್ಮಿ ಮುಖ ಹಿಂದಕ್ಕೆ ಎಳೆದುಕೊಂಡಳು.

'ಮಾತ್ರೆ ಏರಿಸುದು ಬೇಡ' ಎಂದಳು ಉಲ್ಲಾಸನಿಗೆ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆ ದೀಪಾವಳಿ, ಆ ಶಾಂತಿ, ಎಲ್ಲ ಕೈತಪ್ಪಿ ಹೋಗುತ್ತಿರುವುದು ಕಂಡಿತು. ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಹೊತ್ತಿತ್ತು. ತೆಗೆದುಕೊಳ್ಳಲಿಲ್ಲ.

'ಹಾಗಾದ್ರೆ ಇವತ್ತೇ ಕರ್ಕೊಂಡು ಹೋಗಿ ಮೇಡಂ. ಒಂದು ತಿಂಗಳು ಮನೆಯಲ್ಲಿಟ್ಟು ನೋಡಿ. ಆಮೇಲೆ ನೀವೇ ಫೋನು ಮಾಡ್ತೀರಿ.' ಉಲ್ಲಾಸ ದಾನಿಗಳನ್ನು ಕರೆದುಕೊಂಡು ಹೊರಗೆ ಹೋದ.

ಬ್ಯಾಗು ತುಂಬಿಸಿಕೊಟ್ಟವಳು ಚೇತನಾ. ಸಿಟ್ಟಿನಲ್ಲಿದ್ದಳು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಂಗಿ ಮಡಚುತ್ತ, ಈಗ ಇರುವ ಮಾತ್ರೆ ನಿಲ್ಲಿಸಬೇಡಿ ಎಂದಳು, ಬಚ್ಚಲಿಗೂ ಅವನ ಕೋಣೆಗೂ ಒಳಚಿಲಕ ಇರಲಿ ಎಂದಳು, ಬೋಳಿಸುವಾಗ ಅವಸರ ಮಾಡಬೇಡಿ ಎಂದಳು. ತಿಂಗಳು ಕಳೆದ ಮೇಲೆ ವಾಪಸು ಸೇರಿಸುವಂತೆ ಆಡಳಿತ ಮಂಡಳಿಯವರ ಹತ್ತಿರ ಹೇಳ್ತೇನೆ, ಆಗ್ತದೋ ಇಲ್ಲವೋ ಗೊತ್ತಿಲ್ಲ ಎಂದಳು.

'ಚೇತನಾ' ಎಂದಳು ಸುಬ್ಬಲಕ್ಷ್ಮಿ. 'ನಂಗೆ ಅವನ ಹತ್ತಿರ ಕೂತ್ಕೊಂಡ್ರೆ ಹೇಸಿಗೆ ಆಗ್ತದೆ. ಹೆತ್ತವಳಿಗೆ.'

ಚೇತನಾ ಬ್ಯಾಗಿನ ಜಿಪ್ಪು ಎಳೆದಳು. 'ನಂಗೂ ಆಗ್ತದೆ ಅಕ್ಕಾ. ಬೆಳಿಗ್ಗೆ ಎದ್ದು ಹಾಸಿಗೆ ತೆಗೀವಾಗ ದಿನಾ ಆಗ್ತದೆ. ಆಮೇಲೆ ಕೈ ತೊಳ್ಕೊಂಡು ತಿಂಡಿ ತಿಂತೇನೆ. ನಿಮ್ಮ ಬಸ್ಸಿಗೆ ಹೊತ್ತಾಯ್ತು.'

ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ನಿಂತು ಮನೋಹರನಿಗೆ ಫೋನು ಮಾಡಿದಳು. ಮಗನನ್ನು ಕರೆದುಕೊಂಡು ಬರುತ್ತಿದ್ದೇನೆ ಎಂದಳು. 'ಮನೆಗೆ?' ಎಂದ ಅವನು. 'ಅಭಿಜ್ಞಾ ಇದ್ದು ಮನೇಲಿ. ಪರೀಕ್ಷೆ ಬೇರೆ.' ಅವಳು, 'ಬಡಿಗನ ಕರೆಸಿ ಬಚ್ಚಲಿಗೆ ಒಳಗಿಂದ ಚಿಲಕ ಹಾಕ್ಸು' ಎಂದು ಫೋನು ಇಟ್ಟಳು. ಚಿರಂತನ ಪಕ್ಕದಲ್ಲಿ ನಿಂತು ನಿಂಬೆಹಣ್ಣಿನ ಗಾಡಿಯ ಗಾಜಿನ ಲೋಟಗಳನ್ನು ನೋಡುತ್ತಿದ್ದ. ಜನ ಅವನನ್ನು ನೋಡಿ, ಆಮೇಲೆ ಅವಳನ್ನು ನೋಡುತ್ತಿದ್ದರು.

ಬಸ್ಸಿನಲ್ಲಿ ಅವನಿಗೆ ಕಿಟಕಿ ಬೇಡವಾಯಿತು, ಅವಳು ಒಳಗೆ ಸರಿದಳು. ಊರು ದಾಟಿ ತಿರುವುಗಳು ಶುರುವಾದವು. ಡೀಸೆಲ್ಲು, ಸೀಟಿನ ಎಣ್ಣೆ ಜಿಡ್ಡು, ಮುಂದೆ ಯಾರದೋ ಮುಡಿಯಲ್ಲಿ ಬಾಡಿದ ಸೇವಂತಿಗೆ. ಮನೆಯ ಬಾಗಿಲಲ್ಲಿ ಅಭಿಜ್ಞಾ ನಿಲ್ಲುವ ರೀತಿ, ಅತ್ತೆ ದೇವರ ಕೋಣೆಯ ಕದ ಎಳೆದುಕೊಳ್ಳುವ ಸದ್ದು, ನಾಳೆ ಸಂಘದಲ್ಲಿ ರಜೆ ಕೇಳುವಾಗ ದೀಕ್ಷಿತಾಳ ಕಣ್ಣು, ಎಲ್ಲ ಒಂದರ ಮೇಲೊಂದು ಎದುರಿಗೆ ಬಂದವು. ಕಿಟಕಿಯ ಗಾಜು ಸರಿಸಲು ನೋಡಿದಳು. ಗಾಜಿನ ಚೌಕಟ್ಟು ತುಕ್ಕು ಹಿಡಿದು ಕೂತಿತ್ತು. ಎರಡೂ ಕೈಯಲ್ಲಿ ಎಳೆಯುವಷ್ಟರಲ್ಲಿ ಒಳಗಿದ್ದದ್ದು ಬಂದೇಬಿಟ್ಟಿತು. ಸ್ವಲ್ಪ ಹೊರಗೆ ಹೋಯಿತು, ಹೆಚ್ಚಿನದು ಗಾಜಿಗೆ ಬಡಿದು ಮಡಿಲಿಗೆ, ಸೆರಗಿಗೆ, ಬ್ಯಾಗಿನ ಮೇಲೆ. ಮೂಗಿನಿಂದಲೂ ಇಳಿಯಿತು. ಮುಂದಿನವರು ಸೇವಂತಿಗೆಯ ತಲೆಯನ್ನು ಸರಕ್ಕನೆ ಬಗ್ಗಿಸಿದರು. ಕಂಡಕ್ಟರು ಹಿಂದಿನಿಂದ, ಮೊದಲೇ ಹೇಳಬಾರದಾ ಅಮ್ಮ, ಎಂದ. ಅವಳು ಬಾಯಿ ತೆರೆದುಕೊಂಡೇ ಮಗನತ್ತ ತಿರುಗಿದಳು.

ಚಿರಂತನ ಅವಳನ್ನು ನೋಡುತ್ತಿದ್ದ. ಬಳೆಯನ್ನಲ್ಲ, ಕೈಯನ್ನಲ್ಲ, ಮುಖವನ್ನೇ. ಅವನ ಮೂಗಿನ ಹೊಳ್ಳೆ ಮೇಲೆ ಸೇದಿತ್ತು, ಹುಬ್ಬು ಕೂಡಿಕೊಂಡಿತ್ತು. ಎರಡು ಬೆರಳಿನಲ್ಲಿ ಮೂಗು ಮುಚ್ಚಿಕೊಂಡ. ಎದ್ದು, ಬ್ಯಾಗನ್ನು ಕಾಲಿನಿಂದ ದೂರ ತಳ್ಳಿ, ಕಂಬಿ ಹಿಡಿಯುತ್ತ ಹೋಗಿ ಆಚೆ ಬದಿಯ ಖಾಲಿ ಸೀಟಿನಲ್ಲಿ ಕೂತ. ಅಲ್ಲಿಂದ ಇನ್ನೊಮ್ಮೆ ಅವಳನ್ನು ನೋಡಿದ. ಆ ನೋಟವನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಸ್ಸಿನಲ್ಲಿದ್ದ ಎಲ್ಲರ ಮುಖದಲ್ಲಿ ಇದ್ದದ್ದೇ ಅವನ ಮುಖದಲ್ಲೂ ಇತ್ತು.

'ನಿಮ್ಮ ಮಗನೇನ್ರಿ? ತಮಾ, ಅಮ್ಮಂಗೆ ನೀರು ಕೊಡಾ' ಎಂದರು ಹಿಂದಿನ ಸೀಟಿನವರು ಯಾರೋ, ಬಾಟಲಿ ಚಾಚುತ್ತ.

ಸುಬ್ಬಲಕ್ಷ್ಮಿ ತಾನೇ ಕೈನೀಡಿ ಬಾಟಲಿ ತೆಗೆದುಕೊಂಡಳು. ಬಾಯಿ ಮುಕ್ಕಳಿಸಿ ಹೊರಗೆ ಉಗಿದಳು. ಸೆರಗಿನ ಒದ್ದೆಯಾಗದ ತುದಿಯಲ್ಲಿ ಮೂಗು ಒರೆಸಿಕೊಂಡು, ಒದ್ದೆಯಾದ ಸೀಟಿನ ಮೇಲೆಯೇ ಕೂತಳು. ನಡುದಾರಿಯ ಮಂಚೀಕೇರಿ ಬರುವವರೆಗೂ ಅವನು ಈ ಕಡೆಗೆ ಬರಲಿಲ್ಲ. ಅವಳೂ ಕರೆಯಲಿಲ್ಲ.